ಅಮ್ಮನ ನೈಸು

ಬಿಸಿ ಹಿಟ್ಟಿನ ವಾಸನೆ ಎಲ್ಲೇ ಬರಲಿ, ನಾನು ಪೆರಂಬೂರಿನ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹಿಂದಿದ್ದ ಮಿಲ್ಲಿನಲ್ಲಿ ಅಮ್ಮನ ಸೆರಗು ಹಿಡಿದು ನಿಂತಿರುತ್ತೇನೆ. ಬೆಲ್ಟಿನ ಪಟಪಟ ಸದ್ದನ್ನು ಮೀರಿಸಿ ಅಮ್ಮ ಹೇಳುತ್ತಿದ್ದಳು, "ನೈಸಾ ಅರೈಚ್ಚು ಕುಡುಂಗ," ನುಣ್ಣಗೆ ಬೀಸಿಕೊಡಿ ಎಂದು. ಮೈಸೂರಿನಿಂದ ಮದುವೆಯಾಗಿ ಆ ತಮಿಳು ಊರಿಗೆ ಬಂದವಳಿಗೆ ಆ ಪದ ತಮಿಳೋ ಇಂಗ್ಲಿಷೋ ಕನ್ನಡವೋ ಎಂಬ ಯೋಚನೆಯೇ ಇರಲಿಲ್ಲ. ನುಣ್ಣಗಿನ ಅಕ್ಕಿಹಿಟ್ಟು ನೈಸು, ನನ್ನ ಕೆನ್ನೆ ನೈಸು. ಅಪ್ಪ ಪೂಸಿ ಹೊಡೆದರೆ ನೈಸ್ ಮಾಡಬೇಡಿ ಎನ್ನುವಳು. ಕೆಲಸ ತಪ್ಪಿಸಿಕೊಂಡು ಓಡಿದರೆ ನಾನು ನೈಸಾಗಿ ಜಾರಿಕೊಂಡವಳು. ನಮ್ಮ ಎರಡು ಕೋಣೆಯ ಮನೆ ಆ ಒಂದು ಪದದಲ್ಲಿ ಸುಖವಾಗಿತ್ತು.

ಅದೇ ಊರಿನ ಟಿ. ನಗರದಲ್ಲಿ ನನ್ನ ದೊಡ್ಡಮ್ಮ ಇದ್ದರು, ಅಪ್ಪನ ಅಣ್ಣನ ಹೆಂಡತಿ, ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಇಂಥವರೊಬ್ಬರು ನಿಮ್ಮ ಮನೆತನದಲ್ಲೂ ಇದ್ದೇ ಇರುತ್ತಾರೆ. ನನಗೆ ಹತ್ತು ವರ್ಷವಿದ್ದಾಗ, ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಅಲ್ಲಿಗೆ ಹೋಗಿದ್ದೆವು. ಪಕ್ಕದಲ್ಲಿ ಕೂತವರ ರೇಷ್ಮೆ ಸೀರೆಯ ಅಂಚು ಮುಟ್ಟಿ ಅಮ್ಮ ಎಷ್ಟು ನೈಸಾಗಿದೆ ಎಂದಳು. ದೊಡ್ಡಮ್ಮ ಎಲ್ಲರಿಗೂ ಕೇಳುವಂತೆ ನಕ್ಕರು. "ನಮ್ಮ ಸರೋಜಂಗೆ ಬರೋ ಇಂಗ್ಲಿಷು ಅದೊಂದೇ. ಅದನ್ನೂ ಹಿಟ್ಟಿನ ಮಿಲ್ಲಿಂದ ತಂದಿದಾಳೆ." ಕೋಣೆಯೆಲ್ಲ ನಕ್ಕಿತು, ಅಮ್ಮನೂ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಅಮ್ಮ ಆ ಪದವನ್ನು ಆಡಲೇ ಇಲ್ಲ. ಮಿಲ್ಲಿನಲ್ಲೂ ಹೆಬ್ಬೆರಳು ತೋರುಬೆರಳು ಉಜ್ಜಿ ತೋರಿಸುತ್ತಿದ್ದಳು, ಅಷ್ಟೆ.

ಕಾಲೇಜಿನ ಲೈಬ್ರರಿಯ ದಪ್ಪ ನಿಘಂಟಿನಲ್ಲಿ ಒಂದು ದಿನ ಆ ಪದದ ಮೂಲ ಸಿಕ್ಕಿತು. ಲ್ಯಾಟಿನ್ನಿನಲ್ಲಿ ಅದರ ಬೇರಿಗೆ ಏನೂ ಅರಿಯದವರು ಎಂಬ ಅರ್ಥ. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗಲೂ ನೈಸ್ ಎಂದರೆ ಮೊದಲು ಪೆದ್ದರೇ. ಒಳ್ಳೆಯ ಅರ್ಥ ಬಂದದ್ದು ಎಷ್ಟೋ ಶತಮಾನದ ಮೇಲೆ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ದೊಡ್ಡಮ್ಮ ನಿವೃತ್ತರಾದ ದಿನ ಅವರ ಮನೆಯಲ್ಲಿ ಊಟವಿತ್ತು. ಇಂಗ್ಲಿಷಿನಲ್ಲಿ ನಾಲ್ಕು ಮಾತಾಡು ಎಂದು ಅವರೇ ನನ್ನನ್ನು ಎಬ್ಬಿಸಿದರು. ನನ್ನ ದೊಡ್ಡಮ್ಮ ನೈಸ್, ಆ ಪದದ ಅತ್ಯಂತ ಹಳೆಯ ಅರ್ಥದಲ್ಲಿ ನೈಸ್, ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ಕಣ್ಣೊರೆಸಿಕೊಂಡು ನನ್ನನ್ನು ಅಪ್ಪಿಕೊಂಡರು. ಆ ಅಪ್ಪುಗೆಯಲ್ಲೂ ನನಗೆ ಎಳ್ಳಷ್ಟು ಮರುಕ ಹುಟ್ಟಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನಿಗೆ ಗುಟ್ಟು ಬಿಚ್ಚಿ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಗುತ್ತಾಳೆಂದು ಕಾದೆ. ಅಮ್ಮ ನನ್ನ ಮುಖವನ್ನೇ ನೋಡಿದಳು.

"ನೀನೂ ಥೇಟ್ ಅವರ ಹಾಗೇ ನಗ್ತೀಯಲ್ಲೇ," ಎಂದಳು.

ದೊಡ್ಡಮ್ಮನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಆದರೆ ಅಮ್ಮನಿಗೆ ಅವತ್ತು ಏನು ಹೇಳಬೇಕಿತ್ತು ಎಂಬುದು ಮಾತ್ರ ಇನ್ನೂ ಹೊಳೆದಿಲ್ಲ. ಹೊಳೆದರೂ ಕೇಳಿಸಿಕೊಳ್ಳಲು ಅವಳಿಲ್ಲ.