ಕೊನೆಯಲ್ಲಿ ಹತ್ತುವವರು

ಒಂದೇ ಒಂದು ಸಲ ಬಿಟ್ಟರೆ, ಮುನಿರಾಜು ಮಾಮ ಯಾವ ಗಾಡಿಯನ್ನೂ ಮೊದಲು ಹತ್ತಿದ್ದನ್ನು ನಾನು ನೋಡಿಲ್ಲ. ಬಸ್ಸಿರಲಿ, ಶೇರ್ ಆಟೋ ಇರಲಿ, ಮದುವೆಗೆ ಹೊರಟ ಟೆಂಪೋ ಇರಲಿ, ಎಲ್ಲರನ್ನೂ ಒಳಗೆ ಕೂರಿಸುತ್ತಿದ್ದರು. ಚಪ್ಪಲಿಯೋ ಟಿಫನ್ ಕ್ಯಾರಿಯರೋ ಕೆಳಗೆ ಉಳಿದಿದೆಯೇ ಎಂದು ನೆಲ ನೋಡುತ್ತಿದ್ದರು. ಆಮೇಲೆ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು "ಪೋಲಾಂ, ರೈಟ್" ಎಂದು ಹೊರಡಿಸುತ್ತಿದ್ದರು. ಗಾಡಿ ಅಲುಗಿದ ಮೇಲೆಯೇ ಅವರ ಎರಡನೇ ಕಾಲು ಒಳಗೆ ಬರುತ್ತಿದ್ದುದು.

ಹೊಸೂರಿಗೂ ಬೆಂಗಳೂರಿಗೂ ನಡುವೆ ಓಡುವ ಬಸ್ಸುಗಳಲ್ಲಿ ಕಂಡಕ್ಟರಾಗಿ ಇಡೀ ಸರ್ವೀಸು ಕಳೆದವರು ಅವರು. ನಿವೃತ್ತರಾದ ಮೇಲೆ ಸಾನಮಾವಿನ ಕಡೆಯ ತಮ್ಮ ಹಳ್ಳಿಗೆ ಹೋಗದೆ ಹೊಸೂರಲ್ಲೇ ಉಳಿದರು. ನಮ್ಮ ಮನೆಯಿಂದ ಎರಡನೇ ಮನೆ. ನಮ್ಮಪ್ಪ ಕಾರ್ಖಾನೆ ಕೆಲಸಕ್ಕೆಂದು ಕೋಲಾರದ ಕಡೆಯಿಂದ ಬಂದವರಾದ್ದರಿಂದ ನೆಂಟಸ್ತಿಕೆ ಏನೂ ಇಲ್ಲ. ಆದರೂ ಅವರು ನನಗೆ ಮಾಮ, ಅವರ ಹೆಂಡತಿ ಲಕ್ಷ್ಮಮ್ಮ ನನಗೆ ಅತ್ತೆ. ಮಾಮನದು ಚೌಕಾಸಿಗೆ ತೆಲುಗು, ಬೈಗುಳಕ್ಕೆ ತಮಿಳು, ಸಮಾಧಾನಕ್ಕೆ ಕನ್ನಡ. ಬೈದು ಮುಗಿಸಿ ಅವರು ಕನ್ನಡಕ್ಕೆ ಬಂದರೆಂದರೆ ಜಗಳ ಮುಗಿಯಿತು ಎಂದೇ ಅರ್ಥ.

ಇಲಾಖೆಯ ಸೀಟಿಯನ್ನು ವಾಪಸು ಕೊಟ್ಟು ಬಂದಿದ್ದರು. ನಾಲಿಗೆ ಮಡಚಿ ಊದುವ ಸೀಟಿ ಮಾತ್ರ ಬಾಯಲ್ಲೇ ಉಳಿದಿತ್ತು. ಒಂದು ಸೀಟಿ ಎಂದರೆ ನಿಲ್ಲು, ಎರಡು ಎಂದರೆ ಹೊರಡು. ನಮ್ಮ ಬೀದಿಗೆ ಬರುವ ನೀರಿನ ಟ್ಯಾಂಕರಿನ ಡ್ರೈವರ್ ಕೂಡ ಅದಕ್ಕೆ ಬ್ರೇಕು ಹಾಕುತ್ತಿದ್ದ. ಅತ್ತೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಅಣಕಿಸುವರು: "ಕೊನೇಲಿ ಹತ್ತಿ ಹತ್ತಿ ಅಭ್ಯಾಸ ಆಗೋಗೈತೆ. ಉಣ್ಣಾಕೂ ಕೊನೇಲೇ ಬರೋದು. ಸಾರು ತಣ್ಣಗಾಯ್ತು ಅಂತ ನನ್ ಮ್ಯಾಲೆ ರೇಗೋದು."

"ಮೊದ್ಲು ಹತ್ತೋನು ಪ್ಯಾಸೆಂಜರ್ ಕಣೇ," ಎನ್ನುವರು ಮಾಮ. "ಕೊನೇಲಿ ಹತ್ತೋನೇ ಕಂಡಕ್ಟರ್."

ಬೊಮ್ಮಸಂದ್ರದಿಂದ ಮೆಟ್ರೋದ ಹಳದಿ ಮಾರ್ಗ ಶುರುವಾದಾಗ ನನಗೆ ಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಹೊಸೂರಿನಿಂದ ಬೊಮ್ಮಸಂದ್ರಕ್ಕೆ ಬಸ್ಸು, ಅಲ್ಲಿಂದ ರೈಲು. ಮನೆ ಬಿಟ್ಟ ಹೊತ್ತು, ತಲುಪಿದ ಹೊತ್ತು, ತಪ್ಪಿದ ರೈಲು ಎಲ್ಲವನ್ನೂ ಡೈರಿಯಲ್ಲಿ ಬರೆದು ತಿಂಗಳ ಕೊನೆಗೆ ಕೂಡಿಸುವುದು ನನ್ನ ಅಭ್ಯಾಸ. ಮಾಮನಿಗೆ ಅದು ಬಲು ಇಷ್ಟ. ಸಂಜೆ ನನ್ನನ್ನು ಕಂಡ ಕೂಡಲೇ, "ಏನಮ್ಮಾ ಪವಿತ್ರಾ, ಇವತ್ತಿನ ಟ್ರಿಪ್ ಶೀಟು ಏನಂತದೆ?" ಎಂದು ಕೇಳುವರು. ಒಂದು ಭಾನುವಾರ ನನ್ನ ಜೊತೆಗೇ ರೈಲು ನೋಡಲು ಬಂದರು. ಸೀಟು ಖಾಲಿಯಿದ್ದರೂ ಕೂರದೆ, ಬಾಗಿಲ ಪಕ್ಕದ ಕಂಬಿ ಹಿಡಿದು ನಿಂತರು.

"ಕಂಡಕ್ಟರ್ ಎಲ್ಲಮ್ಮಾ?"

"ಇಲ್ಲ ಮಾಮ."

"ಮತ್ತೆ ಬಾಗ್ಲು ನೋಡ್ಕೊಳೋರು?"

"ತಾನೇ ತೆಗೆಯುತ್ತೆ, ತಾನೇ ಮುಚ್ಚುತ್ತೆ."

"ಯಾರೋ ಮುದುಕಿ ಹತ್ತಾಕೆ ಒಂದ್ ಕಾಲೆತ್ತವ್ಳೆ ಅಂದ್ಕೋ. ಆಗ?"

"ಮುಚ್ಚುವ ಮುಂಚೆ ಸದ್ದು ಮಾಡುತ್ತೆ ಮಾಮ."

"ಸದ್ದು ಮುದುಕೀಗಾಯ್ತು. ಮುದುಕಿ ಅವ್ಳೆ ಅಂತ ಗಾಡಿಗೆ ಯಾರು ಹೇಳೋರು?"

ಉಳಿದ ದಾರಿಯುದ್ದಕ್ಕೂ ಆ ಕೆಲಸವನ್ನು ಅವರೇ ವಹಿಸಿಕೊಂಡರು. ಪ್ರತಿ ಸ್ಟೇಷನ್ನಿನಲ್ಲೂ ಕತ್ತು ಹೊರಗೆ ಚಾಚಿ ಎರಡೂ ಕಡೆ ನೋಡಿ, ಯಾರೂ ಕೇಳದಿದ್ದರೂ ಮೆಲ್ಲಗೆ "ರೈಟ್" ಎಂದರು. ಆದರೂ ರೈಲು ಅವರಿಗೆ ಹಿಡಿಸಿತ್ತು. ಟೀ ಅಂಗಡಿಯಲ್ಲಿ ಗೆಳೆಯರಿಗೆ, "ತುಂಬಿದ ಲೋಟ ಇಟ್ರೂ ತುಳುಕಲ್ಲ ಕಣ್ಲಾ" ಎಂದು ಹೇಳುತ್ತಿದ್ದರು.

ತುಳುಕುವುದಿಲ್ಲ ಎಂಬ ಆ ಕಾರಣಕ್ಕೇ ಅವತ್ತು ನಾವು ಮೆಟ್ರೋ ಹತ್ತಿದ್ದು.

ಅತ್ತೆಯ ಬಲಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ರಾಗಿ ಕಣದಲ್ಲಿ ಆಡುವಾಗ ಹುಲ್ಲಿನ ಕಡ್ಡಿ ಚುಚ್ಚಿದ್ದಂತೆ. ಉಳಿದಿದ್ದುದು ಎಡಗಣ್ಣೊಂದೇ. ಒಂದು ಬುಧವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅವರು ಬಾಗಿಲು ಹಿಡಿದು ನಿಂತಿದ್ದರು. "ಕಣ್ಣಿನ ಮೂಲೇಲಿ ಕರೀ ಸೆರಗು ಬಿದ್ದಂಗೈತೆ ಕಣಮ್ಮ. ಒರೆಸ್ಕೊಂಡ್ರೂ ಹೋಗ್ವಲ್ದು."

ಪಕ್ಕದ ರಸ್ತೆಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನ ಹಿಂದಿನ ರೆಟಿನಾ ಪೊರೆ ಕಳಚಿಕೊಳ್ಳುತ್ತಿದೆ ಎಂದರು. ಇನ್ನೂ ನಡುಭಾಗಕ್ಕೆ ಬಂದಿಲ್ಲ, ಬಂದರೆ ದೃಷ್ಟಿ ಉಳಿಯುವುದು ಕಷ್ಟ. ಲಾಲ್‌ಬಾಗ್ ಸ್ಟೇಷನ್ನಿನ ಬಳಿಯ ಕಣ್ಣಾಸ್ಪತ್ರೆಗೆ ಅವರೇ ಫೋನು ಮಾಡಿದರು. ಮಧ್ಯಾಹ್ನದೊಳಗೆ ತಲುಪಿದರೆ ಅವತ್ತೇ ಆಪರೇಷನ್. ಅಲ್ಲಿಯವರೆಗೆ ತಲೆಯನ್ನು ಎಡಕ್ಕೆ ವಾಲಿಸಿಯೇ ಇಟ್ಟುಕೊಳ್ಳಬೇಕು, ಕುಲುಕಾಟ ಆಗಬಾರದು.

"ಕಾರಲ್ಲಿ ಹೋದ್ರೆ ಸಿಲ್ಕ್ ಬೋರ್ಡಲ್ಲೇ ಮದ್ಯಾನ ಆಯ್ತದೆ," ಎಂದರು ಮಾಮ. "ಬೊಮ್ಮಸಂದ್ರದ ತನಕ ಕಾರು. ಆಮೇಲೆ ಮೆಟ್ರೋ. ಅದು ಕುಲುಕಲ್ಲ."

ಬೊಮ್ಮಸಂದ್ರದ ತನಕ ಪ್ರತಿ ರಸ್ತೆಯುಬ್ಬಿಗೂ ಮಾಮ ಡ್ರೈವರಿನ ಭುಜ ಮುಟ್ಟುತ್ತಿದ್ದರು. "ಮೆದುವಾ ತಂಬಿ, ಮೆದುವಾ." ಅತ್ತೆ ತುಂಬಿದ ಕೊಡ ಹೊತ್ತವರ ಹಾಗೆ ಕತ್ತು ಬಿಗಿಹಿಡಿದು ಕೂತಿದ್ದರು. ಹಳದಿ ಮಾರ್ಗದಲ್ಲಿ ಆಗ ರೈಲುಗಳು ಕಡಿಮೆ. ನಾವು ಮೇಲೆ ಹೋಗುವಷ್ಟರಲ್ಲಿ ಒಂದು ಹೊರಟೇಹೋಗಿತ್ತು. ಮುಂದಿನದಕ್ಕೆ ಕಾಯುವಾಗ ಮಾಮ ಗಡಿಯಾರ ನೋಡಲಿಲ್ಲ, ನಾನೂ ನೋಡಲಿಲ್ಲ. ಅತ್ತೆ ಮಾತ್ರ ಆಗಾಗ ಕೈಯನ್ನು ಕಣ್ಣ ಮುಂದೆ ಹಿಡಿದು ಎಷ್ಟು ಬೆರಳು ಕಾಣುತ್ತಿವೆಯೆಂದು ನೋಡಿಕೊಳ್ಳುತ್ತಿದ್ದರು. ರೈಲು ಹತ್ತಿದ ಮೇಲೆ, "ಎಲ್ಲಿ ಇಳಿಯೋದು?" ಎಂದು ಕೇಳಿದರು. ಆರ್.ವಿ. ರೋಡಿನಲ್ಲಿ ಇಳಿದು ಹಸಿರು ಮಾರ್ಗದ ರೈಲು ಹಿಡಿಯಬೇಕು, ಆಮೇಲೆ ಲಾಲ್‌ಬಾಗ್ ಎಂದು ಹೇಳಿದೆ.

ಆರ್.ವಿ. ರೋಡಿನಲ್ಲಿ ಜನವೋ ಜನ. ಹಸಿರು ಮಾರ್ಗದ ರೈಲು ಬಂದು ಬಾಗಿಲು ತೆರೆದಾಗ ಮಾಮ ಎರಡೂ ತೋಳು ಚಾಚಿ ದಾರಿ ಮಾಡಿದರು. ಅತ್ತೆಯನ್ನು ಒಳಗೆ ಹತ್ತಿಸಿ, ಕಂಬಿಗೆ ಕೈ ಹಿಡಿಸಿದರು. ಅಲ್ಲಿಗೇ ತಾವೂ ಒಳಗೆ ಹೋಗಬಹುದಿತ್ತು. ಆದರೆ ಹಿಂದೆ ಚೀಲ ಹಿಡಿದ ಮುದುಕರೊಬ್ಬರಿದ್ದರು. ಮಾಮ ಪಕ್ಕಕ್ಕೆ ಸರಿದು ನಿಂತು, ಅವರ ಚೀಲ ಎತ್ತಿ ಒಳಗಿಟ್ಟು, ಅವರನ್ನೂ ಹತ್ತಿಸಿದರು. ನನ್ನ ಕಡೆ ತಿರುಗಿ, "ಹತ್ತು ತಾಯಿ" ಎಂದು ಕೈ ತೋರಿಸಿದರು. ಅಷ್ಟರಲ್ಲಿ ಸದ್ದಾಯಿತು. ಬಾಗಿಲು ನನ್ನ ಮೂಗಿನ ಮುಂದೆ ಮುಚ್ಚಿಕೊಂಡಿತು.

ಮಾಮ ನಾಲಿಗೆ ಮಡಚಿ ಒಂದು ಸೀಟಿ ಹಾಕಿದರು. ಪ್ಲಾಟ್‌ಫಾರಮ್ಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ರೈಲು ಹೊರಟಿತು. ಅವರು ಇನ್ನೊಂದು ಸಲ ಊದಿದರು, ಪಕ್ಕದಲ್ಲೇ ಓಡಿದರು, ಅಂಗೈಯಿಂದ ರೈಲಿನ ಮೈಗೆ ಬಡಿದರು. ಗಾಜಿನಾಚೆ ಎಡಕ್ಕೆ ವಾಲಿದ ಒಂದು ತಲೆ ಸರಿದುಹೋಯಿತು.

ಗಾರ್ಡು ಅವರ ತೋಳು ಹಿಡಿದು ಎಳೆದ. "ಯಜಮಾನ್ರೇ, ಗೆರೆಯಿಂದ ಈಚೆ ಬನ್ನಿ."

"ನನ್ನೆಂಡ್ತಿ ಒಳಗವ್ಳೆ ಸಾ. ಕಣ್ ಕಾಣಲ್ಲ ಅವ್ಳಿಗೆ."

"ಫೋನಿದೆಯಾ ಅವರ ಹತ್ತಿರ?"

ಫೋನು, ಡಾಕ್ಟರ ಚೀಟಿ ಎಲ್ಲವೂ ಮಾಮನ ಹೆಗಲಿನ ರೆಕ್ಸಿನ್ ಬ್ಯಾಗಿನಲ್ಲಿದ್ದವು. ಗಾರ್ಡು ವಾಕಿಟಾಕಿ ಎತ್ತಿದ. "ಸೀರೆ ಬಣ್ಣ ಏನು?"

ಮಾಮ ಬಾಯಿ ತೆರೆದರು. ಬಸ್ಸಿನ ತುಂಬ ಜನರಲ್ಲಿ ಯಾರು ಎಲ್ಲಿ ಹತ್ತಿದರು, ಯಾರಿಗೆ ಚಿಲ್ಲರೆ ಬಾಕಿ ಎಂಬುದನ್ನು ತಲೆಯಲ್ಲೇ ಇಟ್ಟುಕೊಂಡಿದ್ದ ಮನುಷ್ಯ. "ಸೀರೆ ನೋಡ್ಲಿಲ್ಲ ಸಾ," ಎಂದರು. "ತಲೆ ಒಂದ್ ಕಡೀಗ್ ವಾಲ್ಸಿರ್ತಾಳೆ. ಎಡಕ್ಕೆ."

"ನೀಲಿ ಸೀರೆ, ಹಳದಿ ಅಂಚು," ಎಂದೆ ನಾನು.

ಮುಂದಿನ ಸ್ಟೇಷನ್ನಾದ ಜಯನಗರದಿಂದ ಉತ್ತರ ಬಂತು. ಅಂಥವರು ಯಾರೂ ಇಳಿದಿಲ್ಲ. ಅದರ ಮುಂದಿನದಕ್ಕೂ ಹೇಳಿದ್ದೇವೆ ಎಂದ ಗಾರ್ಡು. ಅಷ್ಟರಲ್ಲಿ ಇನ್ನೊಂದು ರೈಲು ಬಂತು. ಮಾಮ ಇಳಿಯುವವರಿಗೂ ದಾರಿ ಬಿಡದೆ ಎಲ್ಲರಿಗಿಂತ ಮೊದಲು ಒಳನುಗ್ಗಿದರು. ಯಾರೋ ಬೈದರು. ಅವರಿಗೆ ಕೇಳಿಸಲಿಲ್ಲ.

"ಲಾಲ್‌ಬಾಗಿನಲ್ಲಿ ಇಳಿಯುವುದು ಅಂತ ಅತ್ತೆಗೆ ಗೊತ್ತು ಮಾಮ," ಎಂದೆ.

ಅವರು ತಲೆ ಅಲ್ಲಾಡಿಸಿದರು. "ಇಳಿಯಲ್ಲ ಕಣಮ್ಮ ಅವ್ಳು. ಮದ್ವೆಯಾದ್ ವರ್ಸಾನೇ ಹೇಳ್ಕೊಟ್ಟಿದ್ದೆ. ಜನದಾಗೆ ನಾನು ತಪ್ಪೋದ್ರೆ ನಡ್ವೆ ಎಲ್ಲೂ ಇಳೀಬ್ಯಾಡ, ಗಾಡಿ ಎಲ್ಲಿಗೋಯ್ತದೋ ಅಲ್ಲೀಗಂಟ ಕೂತಿರು, ಕೊನೇ ಸ್ಟಾಪಿಗೆ ನಾನು ಬತ್ತೀನಿ ಅಂತ. ಒಂದ್ ಕಿತ ಸೇಲಂವರ್ಗೂ ಹೋಗಿ ಕೂತಿದ್ಲು. ಈ ಗಾಡಿ ಕೊನೆ ಎಲ್ಲಿ?"

"ಮಾದಾವರ. ಊರಿನ ಆ ತುದಿ." ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನ ದಾಟುತ್ತದೆ ಎಂದು ನಾನು ಹೇಳಲಿಲ್ಲ. ಅವರು ಹೊತ್ತಿನ ಲೆಕ್ಕದಲ್ಲೇ ಬಾಳಿದವರು.

ಲಾಲ್‌ಬಾಗ್ ಬಂತು. ಬಾಗಿಲು ತೆರೆಯಿತು. ನಾನು ಅವರ ಕೈ ಹಿಡಿದೆಳೆದೆ. ಅವರು ಕಂಬಿ ಬಿಡಲಿಲ್ಲ. "ನೀನಿಲ್ಲಿ ನೋಡು. ನಾನು ಕೊನೇಗ್ ಹೋಯ್ತೀನಿ. ಅಲ್ಲಿ ನಾನಿಲ್ದಿದ್ರೆ ಎದ್ರಿಕೊತಾಳೆ."

"ಮಾಮ, ಚೀಟಿ..." ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.

ಪ್ಲಾಟ್‌ಫಾರಮ್ಮಿನ ಆ ತುದಿಯಲ್ಲಿ ಸ್ಟೀಲಿನ ಕುರ್ಚಿಯೊಂದರಲ್ಲಿ ನೀಲಿ ಸೀರೆ ಕಾಣಿಸಿತು. ಪಕ್ಕದಲ್ಲಿ ಯಾರೋ ಕಾಲೇಜು ಹುಡುಗಿ ಅತ್ತೆಯ ತಲೆ ಅಲುಗದಂತೆ ತನ್ನ ಭುಜ ಕೊಟ್ಟು ಕೂತಿದ್ದಳು. ನಾನು ಓಡಿದೆ.

"ಅವ್ರೆಲ್ಲಿ?" ಎಂದರು ಅತ್ತೆ.

"ನಿಮ್ಮನ್ನು ಹುಡುಕಿಕೊಂಡು ಮುಂದೆ ಹೋದರು."

"ಮುಂದಕ್ಕಾ? ಆಸ್ಪತ್ರೆ ಇಲ್ಲಲ್ವಾ ಇರೋದು?"

ಮಾಮನ ಫೋನಿಗೆ ಮತ್ತೆ ಮತ್ತೆ ಕರೆ ಮಾಡಿದೆ. ಮಾರ್ಕೆಟ್ಟಿನಿಂದಾಚೆ ರೈಲು ಸುರಂಗದಲ್ಲಿ ಹೋಗುತ್ತದೆ. ಸಂಪರ್ಕ ಸಿಗಲಿಲ್ಲ. ಕಾಯೋಣವೇ ಎಂದು ಕೇಳಿದೆ. ಅತ್ತೆ ಕೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಂಡರು.

"ಸೆರಗು ನಡೂಕೆ ಬತ್ತಾ ಐತೆ. ನಡಿ."

ಆಸ್ಪತ್ರೆಯಲ್ಲಿ ಚೀಟಿ ಯಾರೂ ಕೇಳಲಿಲ್ಲ. ಕಣ್ಣಿಗೆ ಬೆಳಕು ಬಿಟ್ಟು ನೋಡಿದ ಡಾಕ್ಟರು ತಕ್ಷಣ ತಯಾರಿ ಮಾಡಿ ಎಂದರು. ನರ್ಸು ಒಪ್ಪಿಗೆಯ ಕಾಗದ ತಂದು, "ಯಜಮಾನರು ಬಂದಿಲ್ವಾ? ಮನೆಯವರು ಯಾರಾದರೂ ಸಹಿ ಹಾಕಿದರೆ ಒಳ್ಳೇದು," ಎಂದು ನನ್ನ ಕಡೆ ನೋಡಿದಳು.

"ಅವ್ರು ರೈಲಲ್ಲವ್ರೆ," ಎಂದರು ಅತ್ತೆ. "ಕಣ್ಣು ನಂದು. ನಾನೇ ಹಾಕ್ತೀನಿ. ಎಲ್ಲಿ, ನನ್ ಬೆರಳು ತಗೊಂಡೋಗಿ ಆ ಜಾಗಕ್ಕಿಡು." ತಲೆ ವಾಲಿಸಿಕೊಂಡೇ ತಮಿಳಿನಲ್ಲಿ ನಿಧಾನವಾಗಿ ಹೆಸರು ಬರೆದರು. ಶಾಲೆಯಲ್ಲಿ ಕಲಿತಿದ್ದ ಅಕ್ಷರ.

ಮಾಮ ಬಂದಾಗ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿ ಬಹಳ ಹೊತ್ತಾಗಿತ್ತು. ಮಾದಾವರದಲ್ಲಿ ಇಳಿದ ಮೇಲೆ ನನ್ನ ಕರೆ ಸಿಕ್ಕಿತ್ತು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. "ಒಳಗೋದ್ಲಾ?" ಎಂದರು. ಹೂಂ ಎಂದೆ. ಬಾಗಿಲಿಗೆ ಎದುರಾಗಿ ಕೂತರು. ಬ್ಯಾಗಿನಿಂದ ಚೀಟಿ ತೆಗೆದು ಮಡಿಕೆ ಬಿಡಿಸುವುದು, ಮತ್ತೆ ಮಡಿಸುವುದು ಮಾಡುತ್ತಿದ್ದರು.

ಪೊರೆಯನ್ನು ಕೂರಿಸಿದ್ದೇವೆ, ಎಷ್ಟು ಕಾಣುತ್ತದೆಂದು ಕಾದು ನೋಡಬೇಕು ಎಂದರು ಡಾಕ್ಟರು. ಅತ್ತೆ ಮುಖ ಕೆಳಗೆ ಮಾಡಿಯೇ ಮಲಗಿರಬೇಕಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಮಾಮ ಬಗ್ಗಿ ಕೇಳಿದರು. "ಇಳೀಬ್ಯಾಡ ಅಂತ ಹೇಳಿರ್ಲಿಲ್ವಾ?"

ದಿಂಬಿನೊಳಗಿಂದ ಉತ್ತರ ಬಂತು. "ಅದು ನಿಮ್ ಬಸ್ಸಿಗೆ. ನಿಮ್ಮನ್ನೇ ಬಿಟ್ಬುಟ್ ಹೋದ ಗಾಡಿ ಅದು. ಅದ್ನ ಎಂಗ್ ನಂಬ್ಲಿ?"

ಮಾಮ ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ಮುಖ ಒರೆಸಿಕೊಂಡು ಕಾಫಿ ತರುತ್ತೇನೆಂದು ಹೊರಗೆ ಹೋದರು.

ಕಣ್ಣು ಉಳಿಯಿತು. ಮೊದಲಿನಷ್ಟಲ್ಲ, ಆದರೂ ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು. ಪಟ್ಟಿ ಬಿಚ್ಚಿ ಕೆಲವು ವಾರವಾದ ಮೇಲೆ ಅತ್ತೆ ಮಾಮನನ್ನು ದಿಟ್ಟಿಸಿ, "ಮೀಸೆ ಇಷ್ಟು ಬೆಳ್ಳಗಾಗಿದ್ದು ಯಾವಾಗ?" ಎಂದರು. ಮಾಮ ಅವತ್ತೇ ಹೋಗಿ ಮೀಸೆಗೆ ಕಪ್ಪು ಹಚ್ಚಿಸಿಕೊಂಡು ಬಂದರು. ಬೀದಿಯೆಲ್ಲ ನಕ್ಕಿತು.

ಅದಾಗಿ ಕೆಲವು ತಿಂಗಳಿಗೆ, ಒಂದು ಬೆಳಗಿನ ಜಾವ ಎದೆನೋವೆಂದು ಎದ್ದು ಕೂತ ಮಾಮ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡರು. ಹಿಂದಿನ ಸಂಜೆ ನನ್ನನ್ನು ಟ್ರಿಪ್ ಶೀಟು ಕೇಳಿದ್ದರು. ಎರಡು ರೈಲು ತಪ್ಪಿತು ಮಾಮ ಎಂದಿದ್ದೆ. ಅದೇ ಕೊನೆಯ ಮಾತು.

ಮೊನ್ನೆ ಬೊಮ್ಮಸಂದ್ರದ ಪ್ಲಾಟ್‌ಫಾರಮ್ಮಿನಲ್ಲಿ ಅತ್ತೆ ಸಿಕ್ಕರು. ಕಣ್ಣು ತೋರಿಸಲು ಒಬ್ಬರೇ ಹೊರಟಿದ್ದರು. ಜೊತೆಗೆ ಬರಲೇ ಎಂದೆ, ಬೇಡವೆಂದರು. ಜಯನಗರದವರೆಗೂ ಅಕ್ಕಪಕ್ಕ ಕೂತೆವು. ಕಿಟಕಿಯಾಚೆ ನೋಡುತ್ತಲೇ ಅವರು ಮಾತಾಡಿದರು.

"ಅವತ್ತು ಈ ಕಣ್ಣು ಹೋಗ್ಬುಟ್ಟಿದ್ರೆ, ಕೊನೇಲಿ ಅವ್ರ ಮುಖ ಎಂಗಿತ್ತು ಅಂತ ನಾನು ನಿಮ್ಮನ್ನೆಲ್ಲ ಕೇಳ್ಬೇಕಾಗಿತ್ತು ಕಣಮ್ಮ."