ನಮ್ಮತ್ತೆಯ ಬಿಳೇ ಬೆಕ್ಕು ಉಂಡದ್ದು, ಬಿಟ್ಟದ್ದು

ಹೊಸಪೇಟೆಯ ಮನೆಗೆ ನಾನು ಸೊಸೆಯಾಗಿ ಬಂದಾಗ ಒಲೆಯ ಮುಂದೆ ನನ್ನನ್ನು ಪರೀಕ್ಷೆ ಮಾಡಿದ್ದು ಒಂದು ಬೆಕ್ಕು. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ಆಗ ನನಗೆ ನಗು ಬಂದಿರಲಿಲ್ಲ.

ಅದು ಮದ್ರಾಸ್ ಸರಕಾರದ ಕಾಲ. ಡ್ಯಾಮು ಇನ್ನೂ ಬಂದಿರಲಿಲ್ಲ. ರಾಯರ ಕಾಲದ ಕಾಲುವೆ ನೀರಿಗೇ ಕಬ್ಬು, ಬಾಳೆ ಬೆಳೆಯುತ್ತಿದ್ದವು. ನಮ್ಮ ಮನೆಯವರಿಗೆ ಕಾಲುವೆ ಕೆಳಗೆ ಒಂದಿಷ್ಟು ಕಬ್ಬಿನ ಗದ್ದೆ ಇತ್ತು. ಬೆಲ್ಲ ಮಾಡಿಸಿ ಮನೆಯ ಹಿಂದಿನ ಕೋಣೆಯಲ್ಲಿ ಒಟ್ಟುತ್ತಿದ್ದರು. ಬೆಲ್ಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಹಾಗಾಗಿ ಆ ಮನೆಯಲ್ಲಿ ನಮ್ಮ ಮನೆಯವರು, ಅವರ ತಾಯಿ, ಎರಡು ಬೆಕ್ಕು, ಇಷ್ಟೇ ಸಂಸಾರ. ಮಾವ ತೀರಿಹೋಗಿ ಬಹಳ ವರ್ಷವಾಗಿತ್ತು.

ಬೆಕ್ಕುಗಳಿಗೆ ಹೆಸರಿರಲಿಲ್ಲ. ಒಂದು ಕೆಂದದ್ದು, ಒಂದು ಬಿಳೇದು. ಕೆಂದದ್ದು ಗಂಡು. ಇಲಿ ಹಿಡಿಯುವುದರಲ್ಲಿ ಗಟ್ಟಿಗ, ಆದರೆ ಮನೆಯೂಟದಲ್ಲಿ ಅದಕ್ಕೂ ಗತ್ತಿತ್ತು. ನವಣೆ ಅನ್ನ ಬಿಸಿ ಇದ್ದರೆ ಮಾತ್ರ ಮುಟ್ಟುತ್ತಿತ್ತು, ಆರಿದರೆ ಅದರ ಪಕ್ಕದಲ್ಲೇ ಮಲಗಿ ನಿದ್ದೆ ಹೊಡೆಯುತ್ತಿತ್ತು. ಬಿಳೇದರ ಕಥೆಯೇ ಬೇರೆ. ಇಲಿಯನ್ನು ಅದು ಮೂಸಿಯೂ ನೋಡುತ್ತಿರಲಿಲ್ಲ. ಅದಕ್ಕೆ ಜೋಳದ ರೊಟ್ಟಿ ಬೇಕು, ಅದರಲ್ಲೂ ರೊಟ್ಟಿ ಉಬ್ಬಿದಾಗ ಮೇಲೇಳುವ ತೆಳ್ಳನೆ ಪದರು ಮಾತ್ರ. ಅದನ್ನು ಸಣ್ಣಗೆ ಮುರಿದು, ಉಗುರುಬೆಚ್ಚಗಿನ ಎಮ್ಮೆ ಹಾಲಿನಲ್ಲಿ ನೆನೆಸಿ, ಕಂಚಿನ ಬಟ್ಟಲಲ್ಲಿ ಇಡಬೇಕು. ಪದರಿನ ಮೇಲೆ ಸೀದ ಕಲೆ ಇದ್ದರೆ ಆಗದು. ಹಾಲಿಗೆ ಹೊಗೆ ಹಿಡಿದಿದ್ದರೆ ಆಗದು. ಎಲ್ಲಕ್ಕಿಂತ ಹೆಚ್ಚಾಗಿ, ಅತ್ತೆಯ ಕೈಯಿಂದ ಅಲ್ಲದೆ ಬೇರೆ ಯಾರ ಕೈಯಿಂದಲೂ ಆಗದು.

ಇದೆಲ್ಲ ಗೊತ್ತಿಲ್ಲದೆ ನಾನು ಬಂದ ಮರುದಿನ ರೊಟ್ಟಿ ಬಡಿದೆ. ಕಂಪ್ಲಿಯಲ್ಲಿ ನಮ್ಮವ್ವ ನನಗೆ ರೊಟ್ಟಿ ಕಲಿಸಿದ್ದಳು, ಓಣಿಯವರು ಹೊಗಳುವಂಥ ರೊಟ್ಟಿ. ಅತ್ತೆ ಬಾಗಿಲಲ್ಲಿ ಕುಳಿತು ನೋಡುತ್ತಿದ್ದರು.

"ಬೆಕ್ಕಿಗೆ ಹಾಕವ್ವ ಮೊದಲು," ಅಂದರು.

ಹಾಕಿದೆ. ಬಿಳೇದು ಬಂದು ಮೂಸಿತು. ನನ್ನ ಮುಖ ನೋಡಿತು. ಆಮೇಲೆ ಮುಂಗಾಲಿನಿಂದ ಬಟ್ಟಲಿನ ಸುತ್ತ ನೆಲ ಕೆರೆಯತೊಡಗಿತು. ಬೆಕ್ಕು ಹೊಲಸು ಮಾಡಿ ಮಣ್ಣು ಮುಚ್ಚುತ್ತದಲ್ಲ, ಥೇಟ್ ಹಾಗೆ. ನಾನು ಬಡಿದ ರೊಟ್ಟಿಗೆ ಇಲ್ಲದ ಮಣ್ಣು ಮುಚ್ಚಿ, ಬಾಲ ಎತ್ತಿಕೊಂಡು ಹೋಗಿಬಿಟ್ಟಿತು.

ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ ನಗಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. "ಅದರ ಬಾಯಿ ಹಂಗ ಐತಿ. ನೀ ಕಲೀತಿ ಬಿಡು," ಅಂದು ಎದ್ದು ಹೋದರು.

ಕಲಿಯಲಿಲ್ಲ. ನಾನು ಎಷ್ಟು ಹೊತ್ತು ಬಟ್ಟಲು ಹಿಡಿದು ಕುಳಿತರೂ ಅದು ಅತ್ತೆಯ ಸೆರಗನ್ನೇ ಕಾಯುತ್ತಿತ್ತು. ನನಗೆ ನಿಜವಾಗಿ ಹೊಟ್ಟೆ ಉರಿಯುತ್ತಿದ್ದದ್ದು ಬೇರೆ ಕಾರಣಕ್ಕೆ. ಆ ಮನೆಯಲ್ಲಿ ಸೊಸೆ ಕಡೆಗೆ ಉಣ್ಣಬೇಕು, ನಿನ್ನೆ ಉಳಿದ ತಂಗಳ ರೊಟ್ಟಿಯನ್ನು ಮೊದಲು ಮುಗಿಸಬೇಕು. ಹಂಚಿನಿಂದ ಇಳಿದ ಮೊದಲ ರೊಟ್ಟಿಯ ಪದರು ಬೆಕ್ಕಿಗೆ. ನನಗೆ ಮಜ್ಜಿಗೆಯಲ್ಲಿ ನೆನೆದ ತಂಗಳು. ಯಾರಿಗೆ ಹೇಳಲಿ? ತವರಿಗೆ ಹೋದಾಗ ಅವ್ವನ ಮುಂದೆ ಹೇಳಿದರೆ ಅವಳು, "ಬೆಕ್ಕಿನ ಕೂಡ ಜಗಳ ಏನವ್ವ?" ಅಂದು ನಕ್ಕಳು.

ಎರಡನೆಯ ವರ್ಷ, ಕಬ್ಬು ಕಡಿಯುವ ಹೊತ್ತಿಗೆ, ಊರಲ್ಲಿ ಇಲಿಗಳು ಸತ್ತು ಬೀಳತೊಡಗಿದವು.

ಪ್ಲೇಗು ಅಂದರೆ ಈಗಿನವರಿಗೆ ಬರೀ ಹೆಸರು. ಆಗ ಇಲಿ ಬಿತ್ತು ಅಂತ ಯಾರಾದರೂ ಅಂದರೆ ಸಾಕು, ಮನೆಮಂದಿ ಪಾತ್ರೆ ಕಟ್ಟಲು ಶುರುಮಾಡುತ್ತಿದ್ದರು. ನಮ್ಮ ಬೆಲ್ಲದ ಕೋಣೆಯಲ್ಲಿ ಒಂದು ಬೆಳಗ್ಗೆ ಜಂತಿಯಿಂದ ಇಲಿಯೊಂದು ತೂರಾಡುತ್ತ ಇಳಿದು, ನೆಲದ ಮೇಲೆ ಸುತ್ತು ಹೊಡೆದು, ಬಿದ್ದು ಸತ್ತಿತು. ಎರಡು ಬೆಕ್ಕುಗಳೂ ಓಡಿಬಂದವು. ಬಿಳೇದು ದೂರದಿಂದಲೇ ಮೂಗು ಚಾಚಿತು, ನನ್ನ ರೊಟ್ಟಿಗೆ ಮಾಡಿದಂತೆಯೇ ಸುತ್ತಲಿನ ನೆಲ ಕೆರೆದು ಹೊರಟುಹೋಯಿತು. ನಾನು ಕಸಬರಿಗೆ ತರುವಷ್ಟರಲ್ಲಿ ಕೆಂದದ್ದು ಆ ಇಲಿಯನ್ನು ಕಚ್ಚಿಕೊಂಡು ಹಿತ್ತಲಿಗೆ ಹಾರಿತ್ತು.

ಕೆಂದದ್ದು ಉಳಿಯಲಿಲ್ಲ. ಕುತ್ತಿಗೆ ಬಾತು, ಮೇವಿನ ಬಣವೆಯ ಕೆಳಗೆ ಸತ್ತು ಬಿದ್ದಿತ್ತು. ನಮ್ಮ ಮನೆಯವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೋಲಿನಿಂದ ಅದನ್ನು ಸರಿಸಿ ಆಳವಾಗಿ ಹೂಳಿದರು. ಅತ್ತೆ ದೂರ ನಿಂತು ಒಂದು ಹಿಡಿ ಅರಿಶಿನ ಎಸೆದರು. ಅವರು ಅತ್ತದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

"ಬಂಡಿ ಕಟ್ಟಲೇ ತಮ್ಮಾ," ಅಂದರು ಮಗನಿಗೆ. "ಬಿಳೇದನ್ನೂ ಬುಟ್ಟ್ಯಾಗ ಹಾಕು."

"ಯವ್ವಾ, ಜನಕ್ಕ ಜಾಗ ಇಲ್ಲ ಬಂಡ್ಯಾಗ. ಬೆಕ್ಕು ಎಲ್ಲಿದು?"

"ಹಂಗಾರ ನಾ ನಡಕೊಂಡು ಬರ್ತೀನಿ. ಅದನ್ನ ನನ್ನ ಜಾಗಾದಾಗ ಕುಂದರಸು."

ಬೆಕ್ಕು ಬಂಡಿ ಹತ್ತಿತು. ಅತ್ತೆಯೂ ಹತ್ತಿದರು. ನಾನೇ ಅರ್ಧ ದಾರಿ ನಡೆದೆ.

ನಾವು ಹೋದದ್ದು ಹಂಪಿಗೆ. ಊರು ಬಿಟ್ಟ ಎಷ್ಟೋ ಮನೆಯವರು ಬಜಾರಿನ ಹಳೇ ಕಲ್ಲುಮಂಟಪಗಳಲ್ಲಿ ತಟ್ಟಿ ಕಟ್ಟಿಕೊಂಡು ಇದ್ದರು. ನಮಗೂ ಒಂದು ಸಿಕ್ಕಿತು. ಎರಡು ಕಂಬದ ನಡುವೆ ಒಲೆ, ಆಚೆ ಎರಡು ಕಂಬದ ನಡುವೆ ಹಾಸಿಗೆ. ಕಂಬದ ಮೇಲೆ ಕೆತ್ತಿದ್ದ ಕುದುರೆಯ ಕೊರಳಿಗೆ ನಾನು ಒಣಮೆಣಸಿನಕಾಯಿಯ ಗಂಟು ನೇತು ಹಾಕಿದ್ದೆ. ಬೆಳಗಾದರೆ ಹೊಳೆಯ ಕಡೆಯಿಂದ ತಣ್ಣನೆ ಗಾಳಿ, ಹರಿಗೋಲಿನವರ ಕೂಗು. ಮಂಗಗಳ ಕಾಟ ಮಾತ್ರ ವಿಪರೀತ. ಹಂಚಿನ ಮೇಲಿಂದಲೇ ರೊಟ್ಟಿ ಎಳೆಯುತ್ತಿದ್ದವು. ಆದರೂ ಎಲ್ಲರೂ ಒಂದೇ ಬೀದಿಯಲ್ಲಿ ಅಡುಗೆ ಮಾಡಿಕೊಂಡು, ಒಬ್ಬರ ಸಾರು ಇನ್ನೊಬ್ಬರಿಗೆ ಕೊಡುತ್ತ ಇದ್ದ ಆ ದಿನಗಳು, ಊರಲ್ಲಿ ಸಾವು ಓಡಾಡುತ್ತಿದ್ದರೂ, ನನಗೆ ಈಗ ಜಾತ್ರೆಯ ಹಾಗೆ ನೆನಪಾಗುತ್ತವೆ.

ಬಿಳೇದಕ್ಕೆ ಹಂಪಿ ಹಿಡಿಸಲಿಲ್ಲ. ಮಂಗಗಳಿಗೆ ಹೆದರಿ ಬುಟ್ಟಿಯಿಂದ ಇಳಿಯಲಿಲ್ಲ. ನಮ್ಮ ಎಮ್ಮೆ ಗಬ್ಬವಾಗಿ ಹಾಲು ಬತ್ತಿತ್ತು. ಕುರುಬರ ಆಡಿನ ಹಾಲು ಸಿಗುತ್ತಿತ್ತು. ಅದನ್ನು ಇಟ್ಟರೆ ಬಿಳೇದು ಬುಟ್ಟಿಯ ಒಳಗಿಂದಲೇ ಕಾಲು ಚಾಚಿ ಕಲ್ಲುನೆಲ ಕೆರೆಯುತ್ತಿತ್ತು. ಅತ್ತೆ ತೊಡೆಯ ಮೇಲೆ ಕೂರಿಸಿಕೊಂಡು ರಮಿಸಿದರೆ ಎರಡು ಚೂರು ತಿನ್ನುತ್ತಿತ್ತು.

ಹೀಗಿರುವಾಗ ಅತ್ತೆಗೆ ಜ್ವರ ಬಂತು.

ನಮ್ಮ ಮನೆಯವರು ಬೆಲ್ಲದ ಕೆಲಸಕ್ಕೆ ಗದ್ದೆಯಲ್ಲೇ ಉಳಿಯುತ್ತಿದ್ದ ದಿನಗಳವು. ಜ್ವರ ಅಂದ ಕೂಡಲೆ ಎಡಬಲದ ಮಂಟಪದವರು ಮಾತಾಡದೆ ತಮ್ಮ ಹಾಸಿಗೆಯನ್ನು ದೂರ ಸರಿಸಿದರು. ಅವರನ್ನು ಬೈಯುವುದಾದರೂ ಹೇಗೆ? ಸರಕಾರದ ಕಡೆಯಿಂದ ಬರುತ್ತಿದ್ದ ಕಂಪೌಂಡರ್ ಬಂದು ಕಂಕುಳು, ಕುತ್ತಿಗೆ ಎಲ್ಲ ಮುಟ್ಟಿ ನೋಡಿ, "ಪ್ಲೇಗಿನ ಗಂಟಿಲ್ಲಮ್ಮ, ಇದು ಚಳಿಜ್ವರ," ಅಂತ ಕೊಯಿನಾ ಗುಳಿಗೆ ಕೊಟ್ಟ. ನನಗೆ ಹೋದ ಜೀವ ಬಂದಂತಾಯಿತು. ಅತ್ತೆಗೆ ಮಾತ್ರ ಆ ಗುಳಿಗೆಯಿಂದ ಬಾಯೆಲ್ಲ ಕಹಿಯಾಯಿತು. ಗಂಜಿ ಮುಂದೆ ಹಿಡಿದರೆ ಮುಖ ತಿರುವಿದರು.

"ಅತ್ತೀ, ಒಂದಿಷ್ಟು ತಗೋರಿ."

"ಬ್ಯಾಡ."

"ಹೊಟ್ಟ್ಯಾಗ ಏನೂ ಇಲ್ರಿ ನಿಮಗ."

"ಅದರ ಹೊಟ್ಟ್ಯಾಗ ಏನೈತಿ? ಅದು ಉಪಾಸ ಬಿದ್ದೈತಿ, ನಾ ಹೆಂಗ ಉಣ್ಣಲಿ?"

ಬೆಕ್ಕು ಅವರ ಕಾಲ ಬಳಿ ಮುದುಡಿಕೊಂಡಿತ್ತು. ಪಕ್ಕೆಲುಬು ಕಾಣುತ್ತಿದ್ದವು. ಅತ್ತೆ ಎದ್ದು ಉಣಿಸದೆ ಅದು ತಿನ್ನದು. ಅದು ತಿನ್ನದೆ ಅತ್ತೆ ಉಣ್ಣರು. ಇಬ್ಬರ ನಡುವೆ ನಾನು ಗಂಜಿ ಬಟ್ಟಲು ಹಿಡಿದು ನಿಂತಿದ್ದೆ. ಆ ಹೊತ್ತಿಗೆ ನನಗೆ ಸಿಟ್ಟು ಬಂದಷ್ಟೇ ಹೆದರಿಕೆಯೂ ಬಂತು. ಈ ಮುದುಕಿ ಹೀಗೇ ಸೊರಗಿ ಹೋದರೆ ನಾನು ಯಾರಿಗೆ ಏನು ಹೇಳಲಿ?

ಮರುದಿನ ಬೆಳಕು ಹರಿಯುತ್ತಲೇ ಕಮಲಾಪುರಕ್ಕೆ ನಡೆದೆ. ಬಾಳೆತೋಟದ ನಡುವಿನ ದಾರಿ, ಇಬ್ಬನಿಗೆ ಸೀರೆಯ ಅಂಚೆಲ್ಲ ಒದ್ದೆ. ಒಬ್ಬ ಗೌಡತಿಯ ಮನೆಯಲ್ಲಿ ಎಮ್ಮೆ ಕರೆಯುತ್ತಿದ್ದರು. ಚೊಂಬಿನ ತುಂಬ ಹಾಲು ತುಂಬಿಸಿಕೊಳ್ಳುವಾಗ ಅಲ್ಲೇ ನಿಂತ ಎಮ್ಮೆಯನ್ನು ನೋಡಿ ನನಗೆ ನಮ್ಮ ಕಂಪ್ಲಿಯ ಕೊಟ್ಟಿಗೆ ನೆನಪಾಯಿತು. ನಮ್ಮಜ್ಜಿ ಊರಲ್ಲಿ ಇಲ್ಲದ ದಿನ ಎಮ್ಮೆ ನಮ್ಮವ್ವನಿಗೆ ಹಾಲು ಕೊಡುತ್ತಿರಲಿಲ್ಲ. ಅವ್ವ ಒಳಗೆ ಹೋಗಿ ಅಜ್ಜಿಯ ಸೀರೆ ಉಟ್ಟುಕೊಂಡು ಬಂದು ಕೂರುತ್ತಿದ್ದಳು. ಎಮ್ಮೆ ಸೀರೆ ಮೂಸಿ ಸುಮ್ಮನೆ ನಿಲ್ಲುತ್ತಿತ್ತು.

ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದೆ.

ಮಂಟಪಕ್ಕೆ ಬಂದವಳೇ ರೊಟ್ಟಿ ಬಡಿದೆ. ಉಬ್ಬಿದ ಪದರನ್ನು ಕಲೆಯಾಗದಂತೆ ಬಿಡಿಸಿ, ಹಾಲಲ್ಲಿ ನೆನೆಹಾಕಿದೆ. ಆಮೇಲೆ ತಟ್ಟಿಯ ಹಿಂದೆ ಹೋಗಿ ಅತ್ತೆಯ ಹಳೇ ಕಂದು ಸೀರೆ ಉಟ್ಟೆ. ಒಲೆಯ ಹೊಗೆ, ಎಲೆಯಡಿಕೆ, ಅವರ ಬೆವರು, ಎಲ್ಲ ಸೇರಿದ ವಾಸನೆ ಅದಕ್ಕಿತ್ತು. ಅವರ ಹಾಗೆ ಒಂದು ಮೊಣಕಾಲು ಎತ್ತಿ ಕುಳಿತೆ, ಅವರ ಹಾಗೆ ನಾಲಗೆಯಿಂದ ಚುಚ್ಚುಚ್ಚು ಅಂದೆ.

ಬಿಳೇದು ತಲೆ ಎತ್ತಿತು. ಎದ್ದು ಬಂದು ಸೆರಗು ಮೂಸಿತು. ನನ್ನ ಮುಖ ನೋಡಿ ಅನುಮಾನಪಟ್ಟಿತು, ಮತ್ತೆ ಸೆರಗು ಮೂಸಿತು. ಕಾಲು ಎತ್ತಿದಾಗ ಕೆರೆಯುತ್ತದೆ ಅಂದುಕೊಂಡೆ. ಕೆರೆಯಲಿಲ್ಲ. ಆ ಕಾಲನ್ನು ನನ್ನ ತೊಡೆಯ ಮೇಲಿಟ್ಟು ಬಟ್ಟಲಿಗೆ ಬಾಯಿ ಹಾಕಿತು.

ನಾನು ಬಟ್ಟಲು ಅಲುಗದಂತೆ ಹಿಡಿದು ಕುಳಿತಿದ್ದೆ. ಹಿಂದಿನಿಂದ ಒಂದು ಸದ್ದು ಕೇಳಿತು. ಅತ್ತೆ ಕೆಮ್ಮುತ್ತಿದ್ದಾರೆ ಅಂದುಕೊಂಡು ತಿರುಗಿದರೆ ಅವರು ನಗುತ್ತಿದ್ದರು. ಹಾಸಿಗೆಯಲ್ಲಿ ಮೊಣಕೈ ಊರಿ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

"ಏನ ಹುಡುಗೀ, ನಾ ಇನ್ನೂ ಸತ್ತಿಲ್ಲ, ಆಗಲೇ ಅತ್ತಿ ಆಗಿ ಕುಂತಿ?"

ನನಗೂ ನಗು ತಡೆಯಲಿಲ್ಲ. ಬೆಕ್ಕು ಮಾತ್ರ ತಲೆ ಎತ್ತದೆ ತಿನ್ನುತ್ತಿತ್ತು.

"ಆ ಪದರು ಹೋದ ರೊಟ್ಟಿ ಐತಲ್ಲ, ಹಾಲಾಗ ಹಾಕಿ ನನಗ ಕೊಡು," ಅಂದರು.

ಕೊಟ್ಟೆ. ನಿಧಾನವಾಗಿ ಉಂಡರು. ಉಂಡು ಕೈತೊಳೆದ ಮೇಲೆ ಕಂಬಕ್ಕೆ ಒರಗಿ ತಾವಾಗಿಯೇ ಮಾತು ತೆಗೆದರು.

"ನಾ ಈ ಮನಿಗೆ ಬಂದಾಗ ಭಾಳ ಸಣ್ಣಾಕಿ. ನಮ್ಮತ್ತಿ ನನಗ ಬಿಸಿ ರೊಟ್ಟಿ ಕೊಟ್ಟಾಕಿ ಅಲ್ಲ. ತಂಗಳ ರೊಟ್ಟಿ ತಿಂದು ತಿಂದು ಹಲ್ಲು ನೋಯತಿದ್ವು. ಆಗ ಮನ್ಯಾಗ ಒಂದು ಬೆಕ್ಕಿತ್ತು, ಅದಕ್ಕೂ ತಂಗಳನ. ಇಬ್ಬರೂ ಹಿತ್ತಲದಾಗ ಕುಂತು ತಿಂತಿದ್ವಿ. ನನ್ನ ಕೈಗೆ ಒಲಿ ಬಂದ ಮ್ಯಾಲ, ನನ್ನ ಬೆಕ್ಕಿಗೆ ತಂಗಳ ಹಾಕಬಾರದು ಅಂತ ಮಾಡಿದೆ."

ನಾನು ಏನೂ ಅನ್ನಬಾರದು ಅಂದುಕೊಂಡೆ. ಆದರೂ ಬಾಯಿಂದ ಬಂದೇಬಿಟ್ಟಿತು.

"ನನಗ, ಅತ್ತೀ?"

ಅವರು ನನ್ನನ್ನು ನೋಡಿದರು. ಹೊದಿಕೆ ಎಳೆದುಕೊಂಡು ಮಲಗಿದರು. ತಪ್ಪು ಮಾಡಿದೆನೇನೋ ಅಂತ ಇಡೀ ದಿನ ಅವರ ಮುಖ ನೋಡಿ ನೋಡಿ ಕೆಲಸ ಮಾಡಿದೆ.

ಜ್ವರ ಇಳಿದ ಮೇಲೆ ಒಂದು ಬೆಳಗ್ಗೆ ನಾನು ಹೊಳೆಯಿಂದ ನೀರು ತರುವಷ್ಟರಲ್ಲಿ ಅವರೇ ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದರು. ಬಟ್ಟಲಲ್ಲಿ ಕಮಲಾಪುರದಿಂದ ತಂದ ಹಾಲಿತ್ತು, ಬೆಕ್ಕು ಕಾಯುತ್ತಿತ್ತು. ಅತ್ತೆ ಮೊದಲ ರೊಟ್ಟಿಯನ್ನು ಹಂಚಿನಿಂದ ತೆಗೆದು, ಪದರು ಕೀಳದೆ, ಇಡಿಯಾಗಿ ನನ್ನ ತಾಟಿಗೆ ಹಾಕಿದರು. ಮೇಲೊಂದು ಚೂರು ಬೆಣ್ಣೆ.

"ಕುಂದ್ರು. ಆರತೈತಿ, ಉಣ್ಣು," ಅಂದರು.

ನಾನು ಕೊಡವನ್ನು ಇಳಿಸಿ ಉಂಡೆ. ಆ ರೊಟ್ಟಿಯ ರುಚಿಯನ್ನು ಹೇಳಲು ನನಗೆ ಬರುವುದಿಲ್ಲ. ಬಿಳೇದು ಎರಡನೆಯ ರೊಟ್ಟಿಗೆ ಕಾದು, ಸಿಟ್ಟಿನಿಂದ ಬಾಲ ಬಡಿಯುತ್ತಿತ್ತು.

ಬೇಸಿಗೆಯ ಹೊತ್ತಿಗೆ ಪ್ಲೇಗು ತಗ್ಗಿ ಊರಿಗೆ ಮರಳಿದೆವು. ಮನೆಗೆ ಸುಣ್ಣ ಹೊಡೆಸಿದೆವು, ಬೆಳಕಿಂಡಿ ತೆಗೆದು ಬಿಸಿಲು ಬಿಟ್ಟೆವು. ನಮ್ಮ ಓಣಿಯಲ್ಲಿ ಕೆಲವು ಬಾಗಿಲುಗಳು ಮತ್ತೆ ತೆರೆಯಲಿಲ್ಲ. ಬೇರೆ ಬೆಕ್ಕುಗಳಂತೂ ಓಣಿಯಲ್ಲಿ ಒಂದೂ ಉಳಿದಿರಲಿಲ್ಲ. ಇಲಿ ಹಿಡಿಯದ ದಂಡಪಿಂಡ ಅಂತ ಎಲ್ಲರ ಕೈಯಲ್ಲಿ ಅನ್ನಿಸಿಕೊಂಡಿದ್ದ ನಮ್ಮ ಬಿಳೇದೊಂದೇ ಕಟ್ಟೆಯ ಮೇಲೆ ಕುಳಿತು ಮೈ ನೆಕ್ಕುತ್ತಿತ್ತು. ಮುಂದೆ ಅದು ಮರಿ ಹಾಕಿದಾಗ ಕೇಳಿಕೊಂಡು ಬಂದವರಿಗೆಲ್ಲ ಅತ್ತೆ ಒಂದೊಂದು ಮರಿ ಕೊಟ್ಟರು. ಕೊಡುವಾಗ, "ತಂಗಳ ಹಾಕಬ್ಯಾಡ್ರಿ," ಅಂತ ಹೇಳದೆ ಬಿಡುತ್ತಿರಲಿಲ್ಲ.

ನನ್ನ ಇಬ್ಬರು ಮಕ್ಕಳು ಆ ಬೆಕ್ಕಿನ ಜೊತೆ ಆಡಿ ಬೆಳೆದರು. ಕೊನೆಕೊನೆಗೆ ಅದಕ್ಕೆ ವಯಸ್ಸಾಯಿತು. ಹಲ್ಲು ಬಿದ್ದವು, ಕಣ್ಣಿಗೆ ಪೊರೆ ಬಂತು. ಒಂದು ದಿನ ಮಗಳು ತನ್ನ ತಾಟಿನಲ್ಲಿ ಉಳಿದಿದ್ದ ಆರಿದ ಅನ್ನವನ್ನು ಅದರ ಮುಂದೆ ಸುರಿದಳು. ಬಿಳೇದು ಮೂಸಿತು, ತಿಂದಿತು. ಕೆರೆಯಲಿಲ್ಲ. ಮಗಳು ಚಪ್ಪಾಳೆ ತಟ್ಟಿ, "ಅಜ್ಜೀ, ಬೆಕ್ಕು ಶಾಣೆ ಆಗೈತಿ ನೋಡು, ಏನ್ ಕೊಟ್ರೂ ತಿಂತೈತಿ!" ಅಂತ ಕೂಗಿದಳು.

ಅತ್ತೆ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು ನೋಡಿದರು. ಅವರ ಮುಖ ಸಣ್ಣದಾಯಿತು. ನನ್ನ ಪಕ್ಕ ಕುಳಿತು ತಗ್ಗಿದ ದನಿಯಲ್ಲಿ, "ಇನ್ನ ಭಾಳ ದಿನ ಇಲ್ಲವ್ವ ಇದು," ಅಂದರು.

ಹಾಗೇ ಆಯಿತು. ಅದಾದ ಮೇಲೆ ಅತ್ತೆ ಬೇರೆ ಬೆಕ್ಕು ಸಾಕಲಿಲ್ಲ. ಸಾಯಂಕಾಲ ಕಟ್ಟೆಯ ಮೇಲೆ ಕುಳಿತಾಗ ಅದರ ಯಾವುದೋ ಮೊಮ್ಮರಿ ಪಕ್ಕದ ಮನೆಯಿಂದ ಗೋಡೆ ಹಾರಿ ಬಂದರೆ, ಕೈಚಾಚಿ ಅದರ ಬೆನ್ನು ಸವರಿ, "ಏನು ಹಾಕಿದ್ರೋ ನಿನಗ ಇವತ್ತು?" ಅಂತ ಕೇಳುತ್ತಿದ್ದರು.