ಚಿಕ್ಕಮ್ಮನ ತಲೆಯಲ್ಲಿ ಎರಡು ಮಚ್ಚೆ

ಹುಳ ಹಣ್ಣಾದ ದಿನ ರೇಷ್ಮೆ ಮನೆಯಲ್ಲಿ ಯಾರಿಗೂ ಕಾಯಿಲೆ ಬರಕೂಡದು. ಬಂದರೂ ಯಾರೂ ನಂಬುವುದಿಲ್ಲ.

ಕಳೆದ ವಾರ ಕೆಂಚಾರ್ಲಹಳ್ಳಿಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಅಂಥದೊಂದು ದಿನ. (ರೇಷ್ಮೆಯ ನಂಟಿಲ್ಲದವರಿಗೆ: ಹುಳ ಸೊಪ್ಪು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವುದೇ ಹಣ್ಣಾಗುವುದು. ತಡಮಾಡದೆ ಆರಿಸಿ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು.) ಅಕ್ಕಪಕ್ಕದವರೆಲ್ಲ ಕೂಲಿಯಿಲ್ಲದೆ, ಕೆಲಸಕ್ಕೆ ಕೆಲಸ ಎಂದು ಮುಯ್ಯಾಳಾಗಿ ಬಂದಿದ್ದರು. ನಾನೂ ಕೂತಿದ್ದೆ. ಚಿಕ್ಕಮ್ಮನ ಬಲಗೈಯಿಂದ ಒಂದು ಹಿಡಿ ಹುಳ ಜಾರಿ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು.

“ನಿದ್ದೆಗೆಟ್ಟು ಕೈ ಸೋತೈತೆ, ಒಂದ್ ಲೋಟ ಕಾಫಿ ಕುಡಿಯಮ್ಮ” ಅಂದರು ಪಕ್ಕದ ಮನೆಯ ನಾರಾಯಣಮ್ಮ.

ಎಲ್ಲರ ಕೈಯೂ ಸೋತಿತ್ತು. ಅನುಮಾನ ಯಾರಿಗೆ ಬರಬೇಕು? ಮಧ್ಯಾಹ್ನ ಚಿಕ್ಕಮ್ಮನ ಮಾತು ತೊದಲಿದ ಮೇಲಷ್ಟೇ ಕಾರು ಹೊರಟಿದ್ದು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಸಿ.ಟಿ. ಸ್ಕ್ಯಾನ್. ಅದರಲ್ಲಿ ಏನೂ ಕಾಣಲಿಲ್ಲ. ಅಷ್ಟರಲ್ಲಿ ಮಾತೂ ತುಸು ತಿಳಿಯಾಗಿತ್ತು. ಚಿಕ್ಕಪ್ಪನ ಮುಖ ಅರಳಿತು.

“ಮಿಷನ್ನೇ ಏನೂ ಇಲ್ಲ ಅಂತು. ಹೋಗಣ ನಡಿ, ಹುಳ ಕಾಯ್ತವಾ?”

ಚಿಕ್ಕಮ್ಮ ಎದ್ದು ಕೂತು ಎಡಗೈಯಲ್ಲಿ ಸೆರಗು ಸರಿಮಾಡಿಕೊಂಡರು. ಬಲಗೈ ತೊಡೆಯ ಮೇಲೇ ಇತ್ತು. ವೈದ್ಯೆ ಅದನ್ನು ಗಮನಿಸಿದರು. ಎಂ.ಆರ್.ಐ. ಆಗದೆ ಕಳಿಸುವುದಿಲ್ಲ ಎಂದರು.

ಅದರಲ್ಲಿ ಡಿಫ್ಯೂಷನ್ ಎಂಬ ಒಂದು ಬಗೆಯಿದೆಯಂತೆ. ನಮ್ಮ ಮೆದುಳಿನ ನೀರಿನ ಕಣಗಳು ಸದಾ ಓಡಾಡುತ್ತಿರುತ್ತವೆ. ರಕ್ತ ನಿಂತ ಕಡೆ ಜೀವಕೋಶಗಳು ಊದಿ, ಆ ಓಡಾಟಕ್ಕೆ ಕಟ್ಟು ಬೀಳುತ್ತದೆ. ಆ ಜಾಗ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಸಿ.ಟಿ.ಗೆ ಇನ್ನೂ ಕಾಣದ ಪೆಟ್ಟು ಇದಕ್ಕೆ ಬೇಗ ಸಿಗುತ್ತದೆ.

ಸಿಕ್ಕಿತು. ಎಡಭಾಗದಲ್ಲಿ ಪುಟ್ಟ ಬಿಳಿ ಮಚ್ಚೆ. ಪಾರ್ಶ್ವವಾಯು. ಚಿಕ್ಕಮ್ಮ ತಾನೂ ನೋಡಬೇಕೆಂದು ಹಟ ಹಿಡಿದರು.

“ಒಂದು ಹುಳ ಇಲ್ಲೇ ಬಂದು ಗೂಡು ಕಟ್ಟೈತೆ ನೋಡ್ರಿ” ಎಂದರು. ವೈದ್ಯೆಯೂ ನಕ್ಕರು.

ಹೆಪ್ಪು ಕರಗಿಸುವ ಚುಚ್ಚುಮದ್ದಿನ ಹೊತ್ತು ಮೀರಿತ್ತು. ಆದರೆ ಮುಂದಿನ ದೊಡ್ಡ ಪೆಟ್ಟನ್ನು ತಡೆಯಲು ಔಷಧಿ ಇದೆ, ಮನೆಗೆ ಹೋಗಿದ್ದರೆ ಅದೂ ಸಿಗುತ್ತಿರಲಿಲ್ಲ ಎಂದರು ವೈದ್ಯೆ.

ಆಮೇಲೆ ಇನ್ನೊಂದು ಚಿತ್ರ ತೋರಿಸಿದರು. ಬಲಭಾಗದಲ್ಲೂ ಒಂದು ಮಚ್ಚೆ. ಡಿಫ್ಯೂಷನ್ ಚಿತ್ರದಲ್ಲಿ ಇದು ಹೊಳೆಯುತ್ತಿಲ್ಲ, ಹಾಗಾಗಿ ಹಳೆಯದು, ಹಿಂದೆ ಎಂದಾದರೂ ಎಡಗೈ ಸೋತಿತ್ತೇ ಎಂದು ಕೇಳಿದರು.

ಚಿಕ್ಕಮ್ಮ ಗಂಡನ ಕಡೆ ನೋಡಲಿಲ್ಲ. “ಹೋದ ವರ್ಷ ಸೊಪ್ಪಿನ ಮಂಕರಿ ಬೀಳಿಸಿದ್ನಲ್ಲ, ಅವತ್ತು.”

ಅವತ್ತು ಮುಯ್ಯಾಳುಗಳ ಎದುರೇ ಚಿಕ್ಕಪ್ಪ ಅವರನ್ನು ಮೈಗಳ್ಳಿ ಎಂದು ಬೈದಿದ್ದರು.

“ಹೇಳಬಾರದಿತ್ತಾ?” ಎಂದರು ಚಿಕ್ಕಪ್ಪ, ಮೆಲ್ಲಗೆ.

“ಹೇಳ್ದೆ. ಕೈ ಜೋಮು ಹಿಡಿದೈತೆ ಅಂದೆ.”

ಚಿಕ್ಕಪ್ಪ ಮಂಚದ ಅಂಚಿನಲ್ಲಿ ಕೂತು ಆ ಬಲಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಮಡಿಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಡುವಷ್ಟೇ ಹಗುರಾಗಿ. “ಹುಳ ನಾರಾಯಣಮ್ಮ ನೋಡ್ಕಂತಾಳೆ. ನೀನು ಮಲಕ್ಕೋ.”

ಈಗ ಚಿಕ್ಕಮ್ಮ ಬಲಗೈಯಲ್ಲಿ ಲೋಟ ಹಿಡಿಯುತ್ತಾರೆ. ತುಸು ಚೆಲ್ಲುತ್ತದೆ, ಚಿಕ್ಕಪ್ಪ ಒರೆಸುತ್ತಾರೆ.

ಹೊಸ ಪೆಟ್ಟು ತಾನೇ ಹೊಳೆದು ತೋರಿಸಿಕೊಳ್ಳುತ್ತದೆ. ಹಳೆಯದನ್ನು ನಾವೇ ಕೇಳಿ ತಿಳಿಯಬೇಕಲ್ಲವೆ?